ಹಿಮ ಕಾಣದವನ ಎರಡು ಬೆಟ್ಟಗಳು

ಹಿಮವನ್ನು ನಾನು ಕಂಡಿರುವುದು ನಮ್ಮ ಮನೆಯ ಫ್ರಿಡ್ಜಿನಲ್ಲಿ ಮಾತ್ರ. ಅದೂ ಹಾಲಿನ ಪ್ಯಾಕೆಟ್ಟು ಅದಕ್ಕೆ ಅಂಟಿಕೊಂಡು, ಹೆಂಡತಿ ಗೀತಾ ಕೂಗಾಡಿದಾಗ. ಹೀಗಿದ್ದರೂ ಒಂದು ಕಾಲದಲ್ಲಿ ಅಮೆರಿಕದ ಎರಡು ಹಿಮಬೆಟ್ಟಗಳು ನನ್ನ ಸ್ವಂತ ಬೆಟ್ಟಗಳಾಗಿದ್ದವು. ಒಂದೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ದುರಾಸೆ!

ಆಗ ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ತಂಡದ ಮುಖ್ಯಸ್ಥ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನಮ್ಮ ಕಸುಬು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಅಮೆರಿಕದ ಕ್ಲೈಂಟ್ ಕಡೆಯಿಂದ ಫೋನಿನಲ್ಲಿ ನಮ್ಮೊಡನೆ ಮಾತಾಡುತ್ತಿದ್ದವರು ಇಬ್ಬರು. ಸೋಮವಾರ ಸಂಜೆ ಡೇವ್, ಗುರುವಾರ ಸಂಜೆ ಲಿಂಡಾ. ನಮ್ಮ ಕಾಂಟ್ರ್ಯಾಕ್ಟನ್ನು ಮುಂದುವರಿಸುವುದೂ ಬಿಡುವುದೂ ಇವರಿಬ್ಬರ ಕೈಯಲ್ಲಿತ್ತು. ಬಿಟ್ಟರೆ ನನ್ನ ತಂಡದ ಆರು ಜನ ಕೆಲಸವಿಲ್ಲದೆ ಕೂರಬೇಕು. ಹಾಗೆ ಕೂತವರನ್ನು ಆ ದಿನಗಳಲ್ಲಿ ಯಾವ ಕಂಪನಿಯೂ ಬಹಳ ಕಾಲ ಕೂರಿಸಿಕೊಳ್ಳುತ್ತಿರಲಿಲ್ಲ.

"ನೇರ ಕೆಲಸದ ಮಾತಿಗೆ ಇಳಿಯಬೇಡಿ. ಮೊದಲು ಅವರ ಹವ್ಯಾಸಗಳ ಬಗ್ಗೆ ಮಾತಾಡಿ, ಬಾಂಧವ್ಯ ಬೆಳೆಸಿ" ಎಂದು ಕಂಪನಿ ನಮಗೆ ಇಡೀ ದಿನ ತರಬೇತಿ ಕೊಟ್ಟಿತ್ತು. ಡೇವ್‌ಗೆ ಇದ್ದದ್ದು ಒಂದೇ ಹವ್ಯಾಸ. ಕಾಲಿಗೆ ಉದ್ದನೆಯ ಹಲಗೆಪಟ್ಟಿ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಜಾರುವುದು. ಅವರಿಬ್ಬರ ಊರಿನ ಪಕ್ಕದಲ್ಲಿ ಅಂಥ ಬೆಟ್ಟಗಳು ಎರಡಿದ್ದವು. ಅವುಗಳ ಹೆಸರು ಬಾಯಿಗೆ ಸಿಗದೆ ಗೀತಾ ಒಂದಕ್ಕೆ ದೊಡ್ಡಬೆಟ್ಟ, ಇನ್ನೊಂದಕ್ಕೆ ಚಿಕ್ಕಬೆಟ್ಟ ಎಂದು ನಾಮಕರಣ ಮಾಡಿಬಿಟ್ಟಳು. ಆ ಊರಿನಲ್ಲಿ ಪ್ರತಿಯೊಬ್ಬರೂ ಯಾವುದಾದರೂ ಒಂದು ಬೆಟ್ಟಕ್ಕೆ ಸೇರಿದವರು. ದೊಡ್ಡಬೆಟ್ಟದವರು ಚಿಕ್ಕಬೆಟ್ಟದತ್ತ ತಲೆ ಹಾಕಿ ಮಲಗುತ್ತಿರಲಿಲ್ಲ!

ನಾನು ಇಂಟರ್‌ನೆಟ್ಟಿನಲ್ಲಿ ದೊಡ್ಡಬೆಟ್ಟದ ನಕ್ಷೆ ತೆಗೆದು, ಅದರ ಒಂದೊಂದು ಇಳಿಜಾರನ್ನೂ ಬಾಯಿಪಾಠ ಮಾಡಿದೆ. ಮುಂದಿನ ಸೋಮವಾರ, "ಡೇವ್, ನನ್ನ ಮಟ್ಟಿಗಂತೂ ದೊಡ್ಡಬೆಟ್ಟವೇ ಬೆಟ್ಟ" ಎಂದೆ. ಆತ ಹಿಗ್ಗಿ ಹೀರೆಕಾಯಿಯಾದ. "ನಿನಗೂ ಸ್ಕೀ ಬರುತ್ತಾ?" ಎಂದ. "ಏನೋ ಸ್ವಲ್ಪ" ಎಂದೆ. ಸೊನ್ನೆಯನ್ನು ಸ್ವಲ್ಪ ಎನ್ನುವುದು ವಿನಯವೆಂದೇ ಅಂದುಕೊಂಡಿದ್ದೆ.

ಗುರುವಾರ ಲಿಂಡಾ, "ದೊಡ್ಡಬೆಟ್ಟಕ್ಕೆ ಹೋಗುವವರೆಲ್ಲ ಬರೀ ಶೋಕಿಯವರು" ಎಂದಳು. "ನಾನೂ ಅದನ್ನೇ ಹೇಳೋದು! ಚಿಕ್ಕಬೆಟ್ಟದ ನೆಮ್ಮದಿ ಅಲ್ಲೆಲ್ಲಿ ಸಿಗುತ್ತೆ?" ಎಂದುಬಿಟ್ಟೆ. ಹೀಗೆ ಇಡೀ ಚಳಿಗಾಲ ಸೋಮವಾರ ಒಂದು ಬೆಟ್ಟದಲ್ಲಿ, ಗುರುವಾರ ಇನ್ನೊಂದರಲ್ಲಿ ಜಾರಿದೆ. ಬಾಂಧವ್ಯ ಸೊಗಸಾಗಿ ಬೆಳೆಯಿತು. ಬೆಳೆದು ಬೆಳೆದು, ಇಬ್ಬರೂ ಒಟ್ಟಿಗೆ ಬೆಂಗಳೂರಿಗೆ ಬರುವುದಾಗಿ ಮೇಲ್ ಬಂತು.

"ಈಗೇನ್ ಮಾಡ್ತೀರಿ?" ಎಂದಳು ಗೀತಾ.

"ಒಂದಿಷ್ಟು ಪ್ರಾಕ್ಟೀಸ್ ಮಾಡ್ಕೋತೀನಿ. ನಿಲ್ಲೋ ಭಂಗಿಯಾದ್ರೂ ಗೊತ್ತಿರ್ಬೇಕಲ್ವಾ?"

"ರೀ, ಫ್ರಿಡ್ಜಿನ ಐಸ್ ಕೆರೆಯೋಕೇ ನಿಮಗೆ ಬರಲ್ಲ!"

ನಾನು, ಗೀತಾ, ನಮ್ಮ ಪುಟ್ಟ ಮಗಳು ಇದ್ದದ್ದು ಆಫೀಸಿಗೆ ಹತ್ತಿರದ ಹೂಡಿಯಲ್ಲಿ, ಮುನಿಯಮ್ಮನವರ ಮಹಡಿ ಮನೆಯಲ್ಲಿ ಬಾಡಿಗೆಗೆ. ಅವರ ಮನೆತನ ತಲೆತಲಾಂತರದಿಂದ ಅಲ್ಲಿಯದೇ. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದರೂ ಆಕೆ ಉಳಿದ ತುಂಡು ಹೊಲದಲ್ಲಿ ರಾಗಿ ಬೆಳೆದು ನಮ್ಮ ತಾರಸಿಯ ಮೇಲೆಯೇ ಒಣಗಿಸುತ್ತಿದ್ದರು. ಡೇವ್, ಲಿಂಡಾ ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಬಟ್ಟೆ ಒಣಹಾಕುವ ಎರಡು ಕೋಲು ಹಿಡಿದು ತಾರಸಿ ಹತ್ತಿದೆ. ಮೊಣಕಾಲು ಬಗ್ಗಿಸಿ, ಎದೆ ಮುಂದಕ್ಕೆ ಚಾಚಿ, ದೃಷ್ಟಿಯನ್ನು ದೂರದ ಶಿಖರದಲ್ಲಿ, ಅಂದರೆ ಎದುರುಮನೆಯ ನೀರಿನ ಟ್ಯಾಂಕಿನಲ್ಲಿ ನೆಟ್ಟು, ಒಂದು ಹೆಜ್ಜೆ ಮುಂದಿಟ್ಟೆ.

ರಾಗಿ! ಜೀವಮಾನದಲ್ಲಿ ಮೊದಲ ಬಾರಿಗೆ ನಾನು ನಿಜವಾಗಿಯೂ ಜಾರಿದೆ. ಕೋಲೊಂದು ಕಡೆ, ನಾನೊಂದು ಕಡೆ.

ಸದ್ದು ಕೇಳಿ ಮುನಿಯಮ್ಮ ಮೇಲೆ ಬಂದರು. "ಏನಪ್ಪಾ, ಇಂಗ್ ಬಿದ್ಕೊಂಡಿದ್ದೀಯ? ರಾಗಿ ಅರ್ವಿರೋದು ಕಾಣ್ನಿಲ್ವಾ?"

"ಆಫೀಸ್ ಕೆಲಸ ಅಮ್ಮ" ಎಂದೆ.

"ಏನ್ ಆಫೀಸೋ!" ಎಂದು ಆಕೆ ಮೊದಲು ರಾಗಿಯನ್ನು ಗುಡಿಸಿ, ಆಮೇಲೆ ನನ್ನನ್ನು ಎಬ್ಬಿಸಿದರು.

ಮಾರನೆಯ ದಿನ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಾ ಮೀಟಿಂಗಿಗೆ ಹೋದೆ. ನನ್ನ ಕಾಲು ನೋಡಿದ್ದೇ ಡೇವ್, "ಸ್ಕೀ ಮಾಡ್ತಾ ಬಿದ್ಯಾ?" ಎಂದು ಕಣ್ಣರಳಿಸಿದ. ತಾಂತ್ರಿಕವಾಗಿ ನೋಡಿದರೆ ಸುಳ್ಳಲ್ಲ. ಹೌದೆಂದು ತಲೆಯಾಡಿಸಿದೆ. ಆತ ಹೆಮ್ಮೆಯಿಂದ ಲಿಂಡಾ ಕಡೆ ತಿರುಗಿ, "ನೋಡು, ಇವನು ನಮ್ಮ ದೊಡ್ಡಬೆಟ್ಟದವನು" ಎಂದ.

"ಯಾರು ಹೇಳಿದ್ದು? ಇವನು ಚಿಕ್ಕಬೆಟ್ಟದವನು!"

ಇಬ್ಬರೂ ನನ್ನನ್ನೇ ನೋಡಿದರು. ನನ್ನ ಮ್ಯಾನೇಜರ್ ನೋಡಿದರು. ತಂಡದ ಆರೂ ಜನ ನೋಡಿದರು. ಯಾವ ಬೆಟ್ಟದ ಹೆಸರು ಹೇಳಿದರೂ ಇನ್ನೊಂದು ಬೆಟ್ಟ ಮೈಮೇಲೆ ಬೀಳುವುದು ಖಂಡಿತವಿತ್ತು.

"ಎರಡೂ ಅಲ್ಲ. ನಾನು ಹಿಮವನ್ನೇ ನೋಡಿಲ್ಲ. ಬಿದ್ದದ್ದು ರಾಗಿಯ ಮೇಲೆ" ಎಂದೆ.

ಡೇವ್ ನಗಲು ಹೊರಟವನು ಲಿಂಡಾಳ ಮುಖ ನೋಡಿ ನಿಲ್ಲಿಸಿದ. ಆಕೆ ಮೆಲ್ಲಗೆ ಕೇಳಿದಳು: "ಹಾಗಾದರೆ ನಿನ್ನ ಟೆಸ್ಟ್ ರಿಪೋರ್ಟುಗಳೂ ಹೀಗೆಯೇನಾ?"

ಆ ಪ್ರಶ್ನೆ ಎದೆಗೆ ನಾಟಿತು. ಪಕ್ಕದಲ್ಲಿ ಕೂತಿದ್ದ ಆರು ಜನ ತಿಂಗಳುಗಟ್ಟಲೆ ಕಣ್ಣು ಕೆಂಪಾಗಿಸಿಕೊಂಡು ಹುಡುಕಿದ ತಪ್ಪುಗಳನ್ನೆಲ್ಲ ನನ್ನ ಒಂದು ಹರಟೆ ಸುಳ್ಳಾಗಿಸಲಿತ್ತು. "ಇಲ್ಲ, ಲಿಂಡಾ. ರಿಪೋರ್ಟುಗಳನ್ನು ಯಾರಿಂದ ಬೇಕಾದರೂ ತೆಗೆಸಿ ನೋಡಿ, ಅವುಗಳಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳಿದ್ದು ಫೋನಿನ ಮೊದಲ ಹತ್ತು ನಿಮಿಷ ಮಾತ್ರ. ನಿಮ್ಮ ಜೊತೆ ಮಾತಾಡೋಕೆ ನನ್ನದು ಅಂತ ನನ್ನ ಹತ್ತಿರ ಏನೂ ಇಲ್ಲ ಅನ್ನಿಸಿತ್ತು."

ಲಿಂಡಾ, "ಯಾಕೆ, ನಿನ್ನ ಊರಲ್ಲಿ ಬೆಟ್ಟವೇ ಇಲ್ಲವೇ?" ಎಂದಳು.

"ಮನೆ ಹಿಂದೆ ಒಂದು ಬಂಡೆಗುಡ್ಡ ಇದೆ..."

"ನಾಳೆ ರಿಪೋರ್ಟುಗಳನ್ನೆಲ್ಲ ನಾವೇ ಪರೀಕ್ಷಿಸುತ್ತೇವೆ. ಶನಿವಾರ ನಿನ್ನ ಗುಡ್ಡವನ್ನು."

ರಿಪೋರ್ಟುಗಳು ಪಾಸಾದವು. ಉಳಿದದ್ದು ಗುಡ್ಡ. ಶನಿವಾರ ಬೆಳಿಗ್ಗೆ ನಾನು ಊದಿದ ಕಾಲಿನೊಂದಿಗೆ ಬುಡದ ಕಲ್ಲಿನ ಮೇಲೆ ಕೂತೆ. ಅತಿಥಿಗಳನ್ನು ಹತ್ತಿಸಿದ್ದು ಮುನಿಯಮ್ಮ. ಗುಡ್ಡದ ನೆತ್ತಿಯ ಮುನೇಶ್ವರನಿಗೆ ಅವರ ಮನೆಯವರೇ ಪೂಜೆ ಮಾಡುವುದು. ನಾವು ಬಂದಾಗಿನಿಂದ ವರ್ಷವರ್ಷವೂ, "ಒಂದ್ಸಲ ಮೇಲ್ಕ್ ಬಾರಪ್ಪ, ಮಗೀನೂ ಕರ್ಕೊಂಡ್ ಬಾ" ಎಂದು ಕರೆದಿದ್ದರು. ವರ್ಷವರ್ಷವೂ ನನಗೆ ಆಫೀಸಿನ ಫೋನ್ ಕಾಲ್ ಇರುತ್ತಿತ್ತು. ಆ ವರ್ಷವಂತೂ ದೊಡ್ಡಬೆಟ್ಟದ ಮೇಲೆ.

ಮುನಿಯಮ್ಮನಿಗೆ ಇಂಗ್ಲಿಷ್ ಬಾರದು, ಅತಿಥಿಗಳಿಗೆ ಕನ್ನಡ ಬಾರದು. ಆದರೂ ಮೂವರ ಮಾತು ಕೆಳಗಿನವರೆಗೂ ಕೇಳುತ್ತಿತ್ತು. ಹಣೆಗೆ ಕುಂಕುಮ, ಕೈಯಲ್ಲಿ ತೆಂಗಿನಕಾಯಿ ಹೋಳು ಹಿಡಿದು ಇಳಿದು ಬಂದರು. ಡೇವ್ ಬೆವರು ಒರೆಸಿಕೊಳ್ಳುತ್ತಾ ಹೇಳಿದ: "ಮೇಲಿನಿಂದ ನಿನ್ನ ಮನೆ ಕಾಣುತ್ತೆ. ತಾರಸಿಯಲ್ಲಿ ನಿನ್ನ ಮಗಳು ನಮಗೆ ಕೈ ಬೀಸಿದಳು. ನೀನು ಆ ನೆತ್ತಿಯಲ್ಲಿ ನಿಂತಾಗಲೂ ಹೀಗೇ ಕೈ ಬೀಸ್ತಾಳಾ?"

"ನಾನು ಇನ್ನೂ ಹತ್ತಿಲ್ಲ" ಎಂದೆ. ಬಹಳ ಬೇಸರವಾಯಿತು.

ಕಾಂಟ್ರ್ಯಾಕ್ಟು ಮುಂದುವರಿಯಿತು. ಆರೂ ಜನ ಉಳಿದರು. ಕಾಲು ವಾಸಿಯಾದ ಮೊದಲ ಭಾನುವಾರ ಮಗಳನ್ನು ತಾರಸಿಯಲ್ಲಿ ನಿಲ್ಲಿಸಿ ಗುಡ್ಡ ಹತ್ತಲು ಹೊರಟೆ. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ ಕೂತೆ. ನೀರಿನ ಬಿಂದಿಗೆ ಹೊತ್ತು ಹಿಂದಿನಿಂದ ಬಂದ ಮುನಿಯಮ್ಮ, "ಆ ಬಿಳೀ ಅಮ್ಮ ನಿಲ್ದಂಗೆ ಅತ್ಬುಟ್ಳು ಕಣಪ್ಪ!" ಎನ್ನುತ್ತಾ ನನ್ನನ್ನು ದಾಟಿ ಹೋದರು. ಕೆಳಗೆ ನೋಡಿದೆ. ಮಗಳು ಕೈ ಬೀಸುತ್ತಲೇ ಇದ್ದಳು, ನನ್ನತ್ತ ಅಲ್ಲ, ನೆತ್ತಿಯತ್ತ. ಅಪ್ಪ ಅಲ್ಲಿರುತ್ತಾನೆಂದು ನಂಬಿದ್ದಳು.

ಸೋಮವಾರ ಫೋನಿನಲ್ಲಿ ಇಬ್ಬರೂ ಇದ್ದರು. "ಹೂಡಿಯ ನಮ್ಮ ಬೆಟ್ಟ ಹೇಗಿದೆ?" ಎಂದಳು ಲಿಂಡಾ. ನಾಲಿಗೆಯ ತುದಿಗೆ 'ಅದ್ಭುತ' ಬಂದಿತ್ತು. ನುಂಗಿಕೊಂಡೆ.

"ಅರ್ಧ ಚೆನ್ನಾಗಿದೆ. ಉಳಿದರ್ಧ ಇನ್ನೂ ನೋಡಿಲ್ಲ" ಎಂದೆ.

"ಪರವಾಗಿಲ್ಲ ಬಿಡು, ನಮ್ಮಲ್ಲೂ ಹೊಸಬರನ್ನು ಮೊದಮೊದಲು ಚಿಕ್ಕ ಮಕ್ಕಳ ಇಳಿಜಾರಿನಲ್ಲೇ ಬಿಡೋದು" ಎಂದ ಡೇವ್. ದೊಡ್ಡಬೆಟ್ಟದವನೂ ಚಿಕ್ಕಬೆಟ್ಟದವಳೂ ಒಟ್ಟಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.