ಸ್ಪ್ಯಾನಿಷ್ ಕಲಿತ ನಮ್ಮ ಶಾಲೆಯ ಕಂಪ್ಯೂಟರ್

ಗೊತ್ತಿಲ್ಲದ ಗುಂಡಿ ಕಂಡರೆ ಒತ್ತಿ ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಬೀದರ ಪಕ್ಕದ ನೌಬಾದಿನ ನಮ್ಮ ಮನೆಯಲ್ಲಿ ಒಂದು ರೇಡಿಯೊ, ಒಂದು ಇಸ್ತ್ರಿಪೆಟ್ಟಿಗೆ, ಎರಡು ಮಿಕ್ಸರ್ ಈ ಚಟಕ್ಕೆ ಬಲಿಯಾಗಿವೆ. ಹೊಸ ಸಾಮಾನು ಬಂದ ದಿನ ಹೆಂಡತಿ ಮೊದಲು ನನ್ನನ್ನು ತರಕಾರಿಗೆ ಅಟ್ಟುತ್ತಾಳೆ. ಸರ್ಕಾರ ಮಾತ್ರ ಅವಳನ್ನು ಒಂದು ಮಾತು ಕೇಳದೆ ನನ್ನನ್ನು ಔರಾದ ತಾಲೂಕಿನ ಒಂದು ಶಾಲೆಯ ಗುಮಾಸ್ತನನ್ನಾಗಿ ಮಾಡಿ ಕಂಪ್ಯೂಟರಿನ ಮುಂದೆ ಕೂರಿಸಿತು.

ಸತತ ಎರಡು ವರ್ಷ ಮಳೆ ಕೈಕೊಟ್ಟು, ಊರಿನ ಅರ್ಧ ಜನ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದ ಕಾಲ. ದಿನವಿಡೀ ಅವರ ಜೊತೆ ಹೊರಟ ಮಕ್ಕಳ ಟಿ.ಸಿ. ತೆಗೆದುಕೊಡುವುದೇ ನನ್ನ ಕೆಲಸ. ಒಂದು ಸಂಜೆ, ಕಂಪ್ಯೂಟರಿನ ಇಂಗ್ಲಿಷ್ ಬದಲಿಸಿ ಕನ್ನಡ ಹಾಕೋಣವೆಂದು ಭಾಷೆಗಳ ಪಟ್ಟಿ ತೆರೆದೆ. ಅದರಲ್ಲಿ ಸ್ಪ್ಯಾನಿಷ್ ಕಂಡಿತು. ಏನಾಗುತ್ತದೋ ನೋಡೋಣ ಎಂದು ಒತ್ತಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಪೂರ್ತಿ ಸ್ಪ್ಯಾನಿಷ್ ಆಗಿತ್ತು. ಒಂದು ಪದವೂ ಅರ್ಥವಾಗಲೊಲ್ಲದು. ಹೆಡ್ ಮಾಸ್ತರರು ಬಗ್ಗಿ ನೋಡಿ, "ಇದೇನ್ರೀ ರಾಜಪ್ಪನವರ, ಯಾವ ಭಾಷಾ?" ಎಂದರು.

"ವೈರಸ್ ಬಂದದ ಅನಸ್ತದ್ರಿ ಸರ್," ಎಂದೆ, ಮುಖ ನೋಡದೆ.

"ಹಂಗಾರ ಬೀದರದಿಂದ ಮೆಕ್ಯಾನಿಕ್ ಬರಬೇಕು. ನಾಳಿ ನೋಡೋಣ."

ಟಿ.ಸಿ.ಗೆಂದು ಬಂದು ಬಾಗಿಲಲ್ಲಿ ಮಗಳ ಕೈ ಹಿಡಿದು ನಿಂತಿದ್ದ ಶಾಂತಮ್ಮ ಇದನ್ನು ಕೇಳಿ ಒಳಗೇ ಬಂದಳು. "ನಾಳಿ ಅಂದ್ರ ಹ್ಯಾಂಗ್ರಿ ಸಾಹೇಬ್ರ? ಟೆಂಪೊ ಹೊರಗ ನಿಂತದ. ಹೋದ ವರ್ಷ ಕೈಲೆ ಬರದ ಚೀಟಿ ಒಯ್ದಿದ್ದೆ. ಅಲ್ಲಿ ಸಾಲಿಯವರು ತಗೋಲಿಲ್ಲ. ಪೋರಿ ವರ್ಷ ಪೂರಾ ಇಟ್ಟಿಗಿ ಹೊತ್ತಾಳ್ರಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಐದನೆಯ ತರಗತಿಯ ಮಗು. "ಓದಾಕ ಬರವಲ್ದು ಶಾಂತಮ್ಮ, ಏನ್ ಮಾಡಲಿ?" ಎಂದೆ.

"ಹೈದರಾಬಾದಕ್ಕ ಪೈಲೇ ಸಲ ಹೋದಾಗ ನನಗ ಏನ್ ಓದಾಕ ಬರ್ತಿತ್ರಿ? ಚಿತ್ರ ನೋಡಿ ನಡದೆ. ಔಷಧ ಅಂಗಡಿಗೆ ಒಂದು ಚಿತ್ರ, ರೈಲಿಗೆ ಒಂದು ಚಿತ್ರ. ಅದರಾಗ ಚಿತ್ರ ಇಲ್ಲೇನ್ರಿ?"

ಚಿತ್ರ! ಹಿಂದಿನ ಸಂಜೆ ನಾನು ಮೊದಲು ಒತ್ತಿದ್ದು ಹಲ್ಲುಚಕ್ರದ ಚಿತ್ರ, ಆಮೇಲೆ ಗಡಿಯಾರದ ಚಿತ್ರ. ಅದೇ ದಾರಿಯಲ್ಲಿ ಮೆಲ್ಲಗೆ ಹೋದೆ. ಭಾಷೆಗಳ ಪಟ್ಟಿ ಸಿಕ್ಕಿತು. ಅದರಲ್ಲಿ ಇಂಗ್ಲಿಷ್ ಮಾತ್ರ ತನ್ನದೇ ಹೆಸರಿನಲ್ಲಿ ಕೂತಿತ್ತು. ಊರ ನೆಂಟನನ್ನು ಪರಸ್ಥಳದಲ್ಲಿ ಕಂಡಷ್ಟು ಸಂತೋಷವಾಗಿ ಒತ್ತಿದೆ. ಕೂಡಲೇ ಕಂಪ್ಯೂಟರ್ ಏನೋ ಪ್ರಶ್ನೆ ಕೇಳಿ ಎರಡು ಗುಂಡಿ ಮುಂದಿಟ್ಟಿತು. ಒಂದು 'ಸಿ' ಎಂದು ಶುರುವಾಗುತ್ತಿತ್ತು, ಇನ್ನೊಂದು 'ನೋ' ಎಂದು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನನಗೆ ಗುಂಡಿ ಒತ್ತಲು ಹೆದರಿಕೆಯಾಯಿತು.

"ಏನ್ ಕೇಳ್ತದ್ರಿ?" ಎಂದಳು ಶಾಂತಮ್ಮ.

"ಗೊತ್ತಿಲ್ಲ. ಒಂದು ಮಾತ್ರ 'ನೋ' ಅಂತದ. ಅಂದ್ರ ಇಲ್ಲ."

"ಒಂದು ಇಲ್ಲ ಅಂದ್ರ ಇನ್ನೊಂದು ಹೌದು ಅಲ್ಲೇನ್ರಿ? ಒತ್ತರಿ!"

ಒತ್ತಿದೆ. ಪರದೆ ಕಪ್ಪಾಯಿತು. ಹೆಡ್ ಮಾಸ್ತರರು "ಹೋತು" ಎಂದರು. ಹೊರಗೆ ಟೆಂಪೊ ಹಾರ್ನ್ ಹೊಡೆಯಿತು. ಅಷ್ಟರಲ್ಲಿ ಕಂಪ್ಯೂಟರ್ ಕಣ್ಣು ಬಿಟ್ಟು, ಅಪ್ಪಟ ಇಂಗ್ಲಿಷಿನಲ್ಲಿ 'ವೆಲ್‌ಕಮ್' ಎಂದಿತು! ಪ್ರಿಂಟರಿನಿಂದ ಬಿಸಿಬಿಸಿ ಟಿ.ಸಿ. ಹೊರಬಂದಾಗ ಶಾಂತಮ್ಮ ಅದನ್ನು ಹಣೆಗೆ ಒತ್ತಿಕೊಂಡಳು. ಹುಡುಗಿ ಅವ್ವನ ಕೈಯಿಂದ ಕಿತ್ತುಕೊಂಡು, ತನ್ನ ಹೆಸರನ್ನು ಜೋರಾಗಿ ಓದುತ್ತ ಟೆಂಪೊದ ಕಡೆ ಓಡಿದಳು. ಆ ಮಧ್ಯಾಹ್ನದೊಳಗೆ ಇನ್ನೂ ಒಂಬತ್ತು ಮಕ್ಕಳ ಟಿ.ಸಿ. ತೆಗೆದೆ. ಹೆಡ್ ಮಾಸ್ತರರು ತಾವೇ ಚಹಾ ತರಿಸಿದರು.

ಈ ವಿಜಯದ ಕಥೆಯನ್ನು ಆಮೇಲೆ ನಾನು ಬಹಳ ಕಡೆ ಹೇಳಿದ್ದೇನೆ. ಮನೆಯಲ್ಲಿ ಹೇಳುವಾಗ ಶಾಂತಮ್ಮ ಪೂರ್ತಿ ಇದ್ದಳು. ಬೀದರಿನ ಗೆಳೆಯರಿಗೆ ಹೇಳುವಾಗ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಭಾಲ್ಕಿಯ ಬೀಗರ ಮನೆ ಮುಟ್ಟುವ ಹೊತ್ತಿಗೆ ಅವಳು ಕಥೆಯಲ್ಲೇ ಇರಲಿಲ್ಲ. ಬೀಗರು ಬೆರಗಾಗಿ, "ಹಂಗಾರ ನಿಮಗ ಸ್ಪ್ಯಾನಿಷ್ ಸುದ್ದಾ ಬರ್ತದೇನ್ರಿ?" ಎಂದು ಕೇಳಿದರು.

"ಆಫೀಸ್ ಕೆಲಸಕ್ಕ ಬೇಕಾದಷ್ಟು ಬರ್ತದ್ರಿ," ಎಂದೆ.