ಸಾರು ಚೆಲ್ಲದ ಕಾರು

ನಮ್ಮ ಚಿಕ್ಕಮ್ಮನಿಗೆ ಕಾರಿನ ಬಗ್ಗೆ ಏನೇನೂ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲ ಗೊತ್ತು ಎಂದು ಅವಳೇ ಹೇಳಿದರೆ ಖಂಡಿತ ನಂಬಬೇಡಿ! ಅವಳಿಗೆ ಗೊತ್ತಿರುವುದು ಸಾರು. ಟೊಮೆಟೊ ಸಾರು, ಮೆಣಸಿನ ಸಾರು, ಹುರುಳಿ ಕಟ್ಟಿನ ಸಾರು. ಉಳಿದ ಜಗತ್ತನ್ನೆಲ್ಲ ಅವಳು ಅಳೆಯುವುದೂ ಸಾರಿನಿಂದಲೇ. ಹಾಗಾಗಿ ಒಂದು ಹಳೇ ಅಮೆರಿಕನ್ ಕಾರಿನ ಹಿಂದಿನ ಸಸ್ಪೆನ್ಷನ್ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಅವಳು ಒಂದು ತಪ್ಪಲೆ ಸಾರು ಹಿಡಿದು ಹೊರಟಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಆ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರಬೇಕಾದವಳು ನಾನು ಎಂದು ತಿಳಿದಾಗ ಮಾತ್ರ ಆಯಿತು.

ಮೊದಲು ಕಾರಿನ ವಿಷಯ ಹೇಳಬೇಕು. ಅದು ಚಿಕ್ಕಪ್ಪನದು. ಬ್ಯಾಂಕಿನ ಕೆಲಸಕ್ಕೆಂದು ನೈರೋಬಿಗೆ ಬಂದು, ನಿವೃತ್ತರಾಗಿ, ಅಲ್ಲಿನ ಸೌತ್ ಸಿ ಬಡಾವಣೆಯಲ್ಲೇ ಬೇರು ಬಿಟ್ಟ ಚಿಕ್ಕಪ್ಪ ಜೀವನದಲ್ಲಿ ಹಿಂದುಮುಂದು ನೋಡದೆ ಮಾಡಿದ ಒಂದೇ ಕೆಲಸವೆಂದರೆ ಆ ಕಾರನ್ನು ಕೊಂಡದ್ದು. ಊರ ತುಂಬ ಜಪಾನಿನ ಬಿಳಿ ಕಾರುಗಳು ಸದ್ದಿಲ್ಲದೆ ಓಡಾಡುತ್ತಿದ್ದರೆ ಇವರದು ಕಡುಗೆಂಪು ಬಣ್ಣದ, ಎರಡೇ ಬಾಗಿಲಿನ, ಎಡಗಡೆ ಸ್ಟಿಯರಿಂಗಿನ ವಾಹನ. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ಗಾಜು ನಡುಗಬೇಕು. ಬಾನೆಟ್ಟು ಎಷ್ಟು ಉದ್ದವೆಂದರೆ ಅದರ ಮೇಲೆ ಚಾಪೆ ಹಾಸಿ ಇಬ್ಬರು ಮಲಗಬಹುದು. ಒಳಗೆ ಕೂರಲು ಮಾತ್ರ ಜಾಗವಿಲ್ಲ!

“ಇದನ್ನ ಮಸಲ್ ಕಾರ್ ಅಂತಾರೆ ಕಣಮ್ಮ,” ಎಂದು ಚಿಕ್ಕಪ್ಪ ನನಗೆ ಹೆಮ್ಮೆಯಿಂದ ಹೇಳಿದರೆ ಚಿಕ್ಕಮ್ಮ ಅಡುಗೆಮನೆಯಿಂದಲೇ ಸೇರಿಸುತ್ತಿದ್ದಳು: “ಮಸಲ್ ಎಲ್ಲಾ ಮುಂದಿದೆ. ಹಿಂದುಗಡೆ ಬರೀ ಮೂಳೆ!”

ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಯಾವುದೇ ಕನ್ನಡದ ಸಂಸಾರ ಹೊಸದಾಗಿ ನೈರೋಬಿಗೆ ಬರಲಿ, ಅವರನ್ನು ವಿಮಾನ ನಿಲ್ದಾಣದಿಂದ ಕರೆತರುವುದು ಚಿಕ್ಕಪ್ಪನ ಕಾರೇ. ಯಾರೂ ಕೇಳಿಕೊಂಡದ್ದಲ್ಲ, ಯಾರೂ ಬೇಡವೆಂದದ್ದೂ ಇಲ್ಲ. ಬಂದವರ ಯಜಮಾನನಿಗೆ ಮುಂದಿನ ಸೀಟು, ಚಿಕ್ಕಮ್ಮನಿಗೆ ಹಿಂದಿನ ಮೂಲೆ, ಅವಳ ಎರಡು ಪಾದಗಳ ನಡುವೆ ಬಟ್ಟೆ ಸುತ್ತಿದ ಬಿಸಿ ಸಾರಿನ ತಪ್ಪಲೆ. ಹೊಸ ಮನೆಯಲ್ಲಿ ಒಲೆ ಹಚ್ಚುವ ಮೊದಲೇ ಬಂದವರ ಹೊಟ್ಟೆಗೆ ಸಾರು ಅನ್ನ ಬೀಳಬೇಕೆಂಬುದು ಅವಳ ಕಟ್ಟುಪಾಡು. ಟೆಲಿಕಾಂ ಕಂಪನಿ ನನ್ನನ್ನು ಇಲ್ಲಿಗೆ ಕಳಿಸಿದಾಗಲೂ ಅದೇ ನಡೆಯಿತು. ಆಫ್ರಿಕಾದ ನೆಲದ ಮೇಲೆ ನಾನು ಮೊದಲು ಕಂಡದ್ದು ಸಿಂಹವಲ್ಲ, ಆನೆಯಲ್ಲ, ಸಾರು!

ಹೋದ ವರ್ಷ ಚಿಕ್ಕಪ್ಪನ ಬೆನ್ನಿಗೆ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ವಾಸಿಯಾದ ಮೇಲೆ ಒಂದು ದಿನ ನನ್ನ ಮೆತ್ತನೆಯ ಜಪಾನಿ ಕಾರಿನಲ್ಲಿ ಅವರನ್ನು ಹೊರಗೆ ಕರೆದುಕೊಂಡು ಹೊರಟೆ. ಅವರ ಎಸ್ಟೇಟಿನ, ಎಂದರೆ ವಸತಿ ಕಾಲೊನಿಯ, ಗೇಟಿನ ಹತ್ತಿರ ಒಂದು ಬಂಪ್ ಇದೆ. ರಸ್ತೆಗೆ ಅಡ್ಡವಾಗಿ ಎಮ್ಮೆಯನ್ನು ಮಲಗಿಸಿ ಮೇಲೆ ಟಾರು ಹೊಯ್ದಂತಿದೆ. ಅದರ ಮೇಲೆ ಹತ್ತಿ ಇಳಿದಾಗ ಚಿಕ್ಕಪ್ಪ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಅಲ್ಲಿಂದಲೇ ವಾಪಸ್ಸು. ಆಮೇಲೆ ಅವರು ಗೇಟು ದಾಟಲೇ ಇಲ್ಲ. “ಬೆನ್ನು ಸರಿ ಹೋಗಿದೆ, ಇನ್ನು ಭಯ ಸರಿ ಹೋಗಬೇಕು,” ಎಂದರು ಡಾಕ್ಟರು. ಅದಕ್ಕೆ ಮಾತ್ರ ಮಾತ್ರೆ ಬರೆದುಕೊಡಲಿಲ್ಲ.

ವರಾಂಡದಲ್ಲಿ ಕೂತು, ಹೊದಿಕೆ ಹೊದ್ದು ನಿಂತ ಕಾರನ್ನು ನೋಡುವುದೇ ಚಿಕ್ಕಪ್ಪನ ದಿನಚರಿಯಾಯಿತು. ಹೊಸದಾಗಿ ಬಂದವರು ಟ್ಯಾಕ್ಸಿ ಹಿಡಿದು ಮನೆ ಸೇರತೊಡಗಿದರು. ಕೊನೆಗೊಂದು ದಿನ ಚಿಕ್ಕಪ್ಪನೇ ಸಿರಿವಂತರ ಬಡಾವಣೆಯಾದ ರುಂಡಾದಲ್ಲಿರುವ ಒಬ್ಬರಿಗೆ ಫೋನ್ ಮಾಡಿದರು. ಹಳೇ ಕಾರುಗಳನ್ನು ಕೂಡಿಡುವ ಶೋಕಿಯ ಮನುಷ್ಯ.

“ಆಯುಧಪೂಜೆ ದಿನ ಬರ್ತಾರಂತೆ,” ಎಂದು ಹೆಂಡತಿಗೆ ಹೇಳಿದರು. “ಪೂಜೆ ಮಾಡಿ, ಕುಂಕುಮ ಇಟ್ಟು ಕಳಿಸಿಬಿಡೋಣ ಕಣೇ. ನಿಂತಲ್ಲೇ ನಿಂತು ತುಕ್ಕು ಹಿಡಿಯೋದು ಬೇಡ.”

ಚಿಕ್ಕಮ್ಮ ಒಂದು ಮಾತನ್ನೂ ಆಡದೆ ಅಡುಗೆಮನೆಗೆ ಹೋದಳು. ಅವಳು ಮಾತಾಡುತ್ತಿದ್ದರೆ ಯಾವ ಅಪಾಯವೂ ಇಲ್ಲ. ಸುಮ್ಮನಾದಳೆಂದರೆ ಯಾವುದೋ ಒಂದು ವಸ್ತುವಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ.

ವಾರ ಕಳೆಯುವುದರೊಳಗೆ ಅವಳು ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿದ್ದಳು. ಸೀರೆಯ ಮೇಲೆ ಅಡುಗೆಯ ಏಪ್ರನ್, ಕೈಯಲ್ಲಿ ವೀಡಿಯೊ ಓಡುತ್ತಿರುವ ಫೋನು. ಹಿಂದಿನ ಚಕ್ರಗಳ ಮೇಲಿನ ಕಬ್ಬಿಣದ ಸ್ಪ್ರಿಂಗುಗಳನ್ನು ಕಿತ್ತು, ಆ ಜಾಗದಲ್ಲಿ ದಪ್ಪ ರಬ್ಬರಿನ ಗಾಳಿಚೀಲಗಳನ್ನು ಕೂರಿಸಬೇಕು. ಡಿಕ್ಕಿಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇಡಬೇಕು. ಡ್ರೈವರ್ ಪಕ್ಕ ಒಂದು ಸ್ವಿಚ್ಚು, ಒತ್ತಿದರೆ ಕಾರಿನ ಹಿಂಭಾಗ ಏಳಬೇಕು, ಇನ್ನೊಮ್ಮೆ ಒತ್ತಿದರೆ ಇಳಿಯಬೇಕು. ಇದು ಯೋಜನೆ. ಗ್ಯಾರೇಜಿನ ಫುಂಡಿ, ಎಂದರೆ ಮೆಕ್ಯಾನಿಕ್ಕು, ಎಲ್ಲದಕ್ಕೂ “ಹಾಕುನಾ ಶೀದಾ, ತೊಂದರೆಯೇ ಇಲ್ಲ,” ಎನ್ನುತ್ತಿದ್ದ. ತೊಂದರೆಯೇ ಇಲ್ಲ ಎನ್ನುವ ಮೆಕ್ಯಾನಿಕ್ಕು, ಎಲ್ಲ ಗೊತ್ತು ಎನ್ನುವ ಚಿಕ್ಕಮ್ಮ! ಆ ಕಾರಿನ ಸ್ಥಿತಿ ನೆನೆದು ನನಗೇ ಅಯ್ಯೋ ಅನ್ನಿಸಿತು.

“ಅಲ್ಲ ಚಿಕ್ಕಮ್ಮ, ಇಷ್ಟೆಲ್ಲ ಯಾಕೆ? ಚಿಕ್ಕಪ್ಪನಿಗೆ ಒಂದು ಮೆತ್ತಗಿರೋ ದೊಡ್ಡ ಗಾಡಿ ತಗೊಂಡ್ರೆ ಆಗಲ್ವಾ?” ಎಂದೆ.

“ಆಗುತ್ತೆ ಕಣೇ. ಆದ್ರೆ ಬೇರೆ ಗಾಡೀಲಿ ಅವರು ಪೇಷೆಂಟ್ ಥರ ಕೂತ್ಕೋತಾರೆ,” ಎಂದಳು. ಅಷ್ಟು ಹೇಳಿ, “ಹೋಗು, ಹಿಂದೆ ಕೂತ್ಕೋ. ತಪ್ಪಲೆ ಗಟ್ಟಿಯಾಗಿ ಹಿಡಿ,” ಎಂದಳು.

ಚೀಲಗಳನ್ನು ಕೂರಿಸಿದ ಮೇಲೆ ಮೊದಲ ಪರೀಕ್ಷೆ ಹೀಗೆ ನಡೆಯಿತು: ಸ್ಟಿಯರಿಂಗ್ ಹಿಡಿದವಳು ಚಿಕ್ಕಮ್ಮ, ತಪ್ಪಲೆ ಹಿಡಿದವಳು ನಾನು. ತಪ್ಪಲೆಗೆ ಮುಚ್ಚಳವಿಲ್ಲ. ಸಾರು ಕಂಠಮಟ್ಟ. ಎಸ್ಟೇಟಿನ ಆ ಬಂಪಿನ ಮೇಲೆ ಕಾರು ಹತ್ತಿತು, ಇಳಿಯಿತು. ಇಳಿದ ಮೇಲೂ ಇನ್ನೊಮ್ಮೆ ಇಳಿಯಿತು. ಗಾಳಿ ಜಾಸ್ತಿಯಾಗಿತ್ತಂತೆ. ಅರ್ಧ ಸಾರು ನನ್ನ ಕುರ್ತಾದ ಪಾಲು! ಗೇಟಿನ ಕಾವಲುಗಾರ ಓಡಿ ಬಂದು ಕಿಟಕಿಯೊಳಗೆ ಇಣುಕಿ, “ಪೋಲೆ, ಪೋಲೆ,” ಎಂದು ಸಂತಾಪ ಸೂಚಿಸಿದ. ನನಗೋ ಸಾರಿಗೋ ತಿಳಿಯಲಿಲ್ಲ.

ಗಾಳಿ ಕಡಿಮೆ ಮಾಡಿಸಿ ಮತ್ತೆ ಹೊರಟೆವು. ಈ ಸಲ ಬಂಪಿನ ಮೇಲೆ ಒಂದು ಹನಿಯೂ ಚೆಲ್ಲಲಿಲ್ಲ. ನಾನು ಗೆಲುವಿನ ನಗೆ ನಗುತ್ತಿರುವಾಗಲೇ ರೌಂಡಬೌಟ್ ಬಂತು. ಕಾರು ತಿರುಗುತ್ತ ತಿರುಗುತ್ತ ಎಡಕ್ಕೆ ವಾಲಿತು, ಇನ್ನೂ ವಾಲಿತು, ಸಾರು ನನ್ನ ಎಡ ತೊಡೆಗೆ ಅಭಿಷೇಕ ಮಾಡಿತು. ಮನೆಗೆ ಬಂದ ಮೇಲೆ ಚಿಕ್ಕಮ್ಮ ನನ್ನನ್ನು ಬೆಳಕಿಗೆ ನಿಲ್ಲಿಸಿ, ಕುರ್ತಾದ ಕಲೆಯನ್ನು ಎಕ್ಸ್‌ರೇ ನೋಡುವ ಡಾಕ್ಟರಂತೆ ಪರಿಶೀಲಿಸಿದಳು.

“ಬಂಪಲ್ಲಿ ಚೆಲ್ಲಿಲ್ಲ. ತಿರುವಲ್ಲಿ ಚೆಲ್ಲಿದೆ. ಅದೂ ಒಂದೇ ಕಡೆ,” ಎಂದು ಯೋಚಿಸಿದಳು. “ಎರಡು ಚೀಲಕ್ಕೂ ಒಂದೇ ಪೈಪ್ ಹಾಕಿದಾನೆ ಆ ಮಹಾನುಭಾವ! ಒಂದರ ಮೇಲೆ ಭಾರ ಬಿದ್ರೆ ಅದರ ಗಾಳಿ ಇನ್ನೊಂದಕ್ಕೆ ಓಡಿ ಹೋಗುತ್ತೆ. ಒಂದು ಕುಸಿಯುತ್ತೆ, ಇನ್ನೊಂದು ಉಬ್ಬುತ್ತೆ. ವಾಲದೆ ಇನ್ನೇನಾಗುತ್ತೆ?”

ವರಾಂಡದಿಂದ ಚಿಕ್ಕಪ್ಪನ ಧ್ವನಿ ಬಂತು: “ಹಾಗಾದ್ರೆ ಇದು ನಮ್ಮ ಸಂಸಾರದ ಕಥೇನೇ ಆಯ್ತಲ್ಲೇ! ನಮಗೂ ಬೇರೆ ಬೇರೆ ಪೈಪ್ ಹಾಕಿಸಿಬಿಡು.”

ಬಹಳ ದಿನಗಳ ಮೇಲೆ ಅವರು ತಮಾಷೆ ಮಾಡಿದ್ದು. ಮಾರನೆಯ ದಿನವೇ ಒಂದೊಂದು ಚೀಲಕ್ಕೂ ಒಂದೊಂದು ಪೈಪ್ ಬಂತು.

ಅಷ್ಟರಲ್ಲಿ ಮುಗಿಯಿತೇ? ಮೊಂಬಾಸಾ ರಸ್ತೆಯಲ್ಲಿ, ಸರಿಯಾಗಿ ಜನ ಓಡಾಡುವ ಹೊತ್ತಿನಲ್ಲಿ, ಹಿಂದಿನಿಂದ ‘ಬುಸ್’ ಎಂದು ಸದ್ದಾಯಿತು. ಹೊಸ ಪೈಪುಗಳೆರಡನ್ನೂ ಸೈಲೆನ್ಸರಿಗೆ ತಾಗಿದಂತೆ ಎಳೆದಿದ್ದರು, ಅವು ಕರಗಿ ಹೋಗಿದ್ದವು. ಕಾರು ಹಿಂದೆ ಕುಸಿದು, ಮೂತಿ ಮೇಲೆತ್ತಿ, ಚಂದ್ರ ನೋಡುವ ನಾಯಿಯಂತೆ ನಡುರಸ್ತೆಯಲ್ಲಿ ಕೂತುಬಿಟ್ಟಿತು! ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನ್ ಒಂದು ಕಡೆ, ಕಂಡಕ್ಟರುಗಳ ಸಲಹೆ ಇನ್ನೊಂದು ಕಡೆ. ನಾನು ತಪ್ಪಲೆ ಹಿಡಿದು ರಸ್ತೆಯ ಬದಿಯಲ್ಲಿ ನಿಂತೆ. ಒಬ್ಬಾತ ಬಂದು ಸೂಪು ಮಾರುತ್ತೀರಾ ಎಂದು ಕೇಳಿದ. ಮಾರಿಬಿಡೋಣ ಅನ್ನಿಸಿತು.

ಅಂದು ಸಂಜೆ ಇದನ್ನೆಲ್ಲ ಕೇಳಿ ಚಿಕ್ಕಪ್ಪ ಬೆನ್ನು ಹಿಡಿದುಕೊಂಡು ನಕ್ಕರು. ಆಮೇಲೆ ಮೆಲ್ಲಗೆ, “ಸಾಕು ಬಿಡೇ. ನನ್ನ ಕೈಲಿ ಆಗಲ್ಲ. ಎಷ್ಟೇ ಮೆತ್ತಗೆ ಮಾಡು, ಬಂಪ್ ಕಣ್ಣಿಗೆ ಬಿದ್ರೆ ನನ್ನ ಬೆನ್ನು ಆಗ್ಲೇ ಬಿಗಿಯುತ್ತೆ. ಅವರು ತಗೊಂಡು ಹೋಗಲಿ,” ಎಂದರು. ಆ ರಾತ್ರಿ ಚಿಕ್ಕಮ್ಮ ಊಟ ಮಾಡಲಿಲ್ಲ. ಅವಳ ಕಣ್ಣಲ್ಲಿ ನಾನು ಮೊದಲ ಬಾರಿಗೆ ಹೆದರಿಕೆ ಕಂಡೆ. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ?

ಆಯುಧಪೂಜೆಯ ದಿನ ಹೋಗಿ ನೋಡಿದರೆ ಕರಗಿದ ಪೈಪುಗಳು ಸರಿಯಾಗಿದ್ದವು, ಆದರೆ ಕಾರಿನ ಮುಂದಿನ ಸೀಟು ಮಾಯ! ಡ್ರೈವರ್ ಪಕ್ಕದ ಜಾಗ ಖಾಲಿ.

“ನನ್ನ ಕಾರಿನ ಸೀಟು ಎಲ್ಲೇ?” ಎಂದು ಚಿಕ್ಕಪ್ಪ ಗಾಬರಿಯಾದರು.

“ಊಟದ ಮನೇಲಿದೆ. ಚೆನ್ನಾಗಿದೆ, ಕೂತ್ಕೊಂಡೇ ಬದನೆಕಾಯಿ ಹೆಚ್ಚಿದೆ,” ಎಂದಳು ಚಿಕ್ಕಮ್ಮ.

ರುಂಡಾದ ಮನುಷ್ಯ ಡ್ರೈವರನ್ನೂ ಕರೆದುಕೊಂಡು ಸಮಯಕ್ಕೆ ಸರಿಯಾಗಿ ಬಂದ. ಅವನನ್ನು ವರಾಂಡದಲ್ಲಿ ಕೂರಿಸಿ ಕೈಗೆ ಕೋಸಂಬರಿ ಕೊಟ್ಟೆವು. ಬಾನೆಟ್ಟಿನ ಮೇಲೆ ಉದುರಿದ್ದ ಜಕರಂಡ ಹೂಗಳನ್ನು ಚಿಕ್ಕಪ್ಪ ತಾವೇ ಒಂದೊಂದಾಗಿ ತೆಗೆದರು. ಕುಂಕುಮ ಇಟ್ಟರು, ಮಂಗಳಾರತಿ ಎತ್ತಿದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿದರು. ಅವರ ಕೈ ಬಾನೆಟ್ಟಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತೇ ಇತ್ತು. ಅದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಆಗ ಚಿಕ್ಕಮ್ಮ ಒಳಗೆ ಕೈ ಹಾಕಿ ಸ್ವಿಚ್ಚು ಒತ್ತಿದಳು. ಕಾರು ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಹಿಂಭಾಗ ತಗ್ಗಿಸಿ, ಸಾವಕಾಶವಾಗಿ ಕೂತಿತು. ರುಂಡಾದವನು ಚಪ್ಪಾಳೆ ತಟ್ಟಿದ. ಆಗ ನನಗೆ ಹೊಳೆಯಿತು: ಮುಂದಿನ ಸೀಟಿಲ್ಲದ ಮೇಲೆ ಬಾಗಿಲು ತೆರೆದರೆ ನೇರವಾಗಿ ಹಿಂದಿನ ಸೀಟು. ಬಗ್ಗಬೇಕಿಲ್ಲ, ಹತ್ತಬೇಕಿಲ್ಲ, ಮಂಚದ ಮೇಲೆ ಕೂತಂತೆ ಕೂತು ಕಾಲು ಚಾಚಿದರಾಯಿತು.

“ಕಳಿಸೋ ಮುಂಚೆ ಒಂದೇ ಒಂದ್ಸಲ ಕೂತ್ಕೊಳ್ಳಿ ರೀ. ಗೇಟಿನವರೆಗೆ,” ಎಂದಳು.

ಪರಕೀಯನೊಬ್ಬ ನೋಡುತ್ತಿದ್ದಾನೆ ಎಂಬ ಮುಜುಗರಕ್ಕೋ ಏನೋ, ಚಿಕ್ಕಪ್ಪ ಕೂತರು. ಚಿಕ್ಕಮ್ಮ ಅವರ ಕೈಗೆ ತಪ್ಪಲೆ ಕೊಟ್ಟಳು. ಮುಚ್ಚಳವಿಲ್ಲ, ಕಂಠಮಟ್ಟ. “ನೀವು ರೋಡ್ ನೋಡ್ಬೇಡಿ. ಸಾರು ನೋಡಿ. ಒಂದು ಹನಿ ಚೆಲ್ಲಬಾರದು, ಹಬ್ಬದ ಸಾರು,” ಎಂದಳು. ಸೀಟಿದ್ದ ಜಾಗದಲ್ಲಿ ಒಂದು ಮಣೆ ಹಾಕಿಕೊಂಡು ನಾನು ಕೂತೆ. ಚಿಕ್ಕಮ್ಮ ಸ್ಟಿಯರಿಂಗಿನ ಮುಂದೆ ಕೂತು ಸ್ವಿಚ್ಚು ಒತ್ತಿದಾಗ ಕಾರು ಎದ್ದು ನಿಂತಿತು. ನಿಂಬೆಹಣ್ಣುಗಳು ಪಚಕ್ ಎಂದವು.

ಬ್ಯಾಂಕಿನ ಮನುಷ್ಯನಿಗೆ ಒಂದು ಜವಾಬ್ದಾರಿ ವಹಿಸಿದರೆ ಕೇಳಬೇಕೆ? ಚಿಕ್ಕಪ್ಪ ಕಣ್ಣು ಮಿಟುಕಿಸದೆ ಸಾರನ್ನೇ ನೋಡುತ್ತಿದ್ದರು. ಗೇಟು ಹತ್ತಿರವಾಯಿತು. ನಾನು ಮಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಚಿಕ್ಕಮ್ಮ ವೇಗ ತಗ್ಗಿಸಿದಳು. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನ ಚಕ್ರ ಹತ್ತಿತು. ಸಾರು ಒಮ್ಮೆ ತಪ್ಪಲೆಯ ಅಂಚಿನವರೆಗೆ ಹೋಗಿ, ಬಗ್ಗಿ ನೋಡಿ, ವಾಪಸ್ಸು ಬಂತು.

“ಬಂಪ್ ಬಂದಾಗ ಮುಂಚೇನೇ ಹೇಳೇ,” ಎಂದರು ಚಿಕ್ಕಪ್ಪ, ತಲೆಯೆತ್ತದೆ.

“ಆಗ್ಲೇ ಹೋಯ್ತು ರೀ,” ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ತಲೆಯೆತ್ತಿದರು. ಹಿಂದಿನ ಗಾಜಿನಲ್ಲಿ ನೋಡಿದರು. ಬಂಪ್ ಹಿಂದೆ ಬಿದ್ದಿತ್ತು. ಗೇಟಿನ ಕಾವಲುಗಾರ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಚಿಕ್ಕಮ್ಮ ಕಾರನ್ನು ಬದಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಎಲ್ಲ ಗೊತ್ತು ಎನ್ನುವ ನನ್ನ ಚಿಕ್ಕಮ್ಮ ಅಲ್ಲೇ, ರಸ್ತೆಯ ಮೇಲೆ, ಹೆಗಲು ಕುಲುಕಿಸಿ ಅಳತೊಡಗಿದಳು. ಅವಳನ್ನು ಹೇಗೆ ಸಮಾಧಾನ ಮಾಡಬೇಕೆಂದು ನನಗೆ ತಿಳಿಯಲಿಲ್ಲ, ಏಕೆಂದರೆ ನಾನೂ ಅಳುತ್ತಿದ್ದೆ.

ಚಿಕ್ಕಪ್ಪ ಹಿಂದಿನಿಂದ ಕೈ ಚಾಚಿ ಅವಳ ಭುಜ ಮುಟ್ಟಿದರು.

“ಲೇ, ಗಾಡಿ ತಿರುಗಿಸೇ. ಇನ್ನೊಂದ್ಸಲ ಅದರ ಮೇಲೆ ಹೋಗೋಣ.”

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗೇರ್ ಹಾಕಿದಳು. ಚಿಕ್ಕಪ್ಪ ತಪ್ಪಲೆಯನ್ನು ನನ್ನ ಕೈಗೆ ಕೊಟ್ಟರು. ಈ ಸಲ ಅವರಿಗೆ ಬಂಪ್ ನೋಡಬೇಕಿತ್ತು.