ಸೀಲು ಹಾಕಿದ ಬಾಟಲಿಯಲ್ಲಿ ಕಾಣಿಸಿಕೊಂಡ ಪಾಚಿಯವರಿಗೆ

ಶ್ರೀಯುತ ಹಸಿರು ಪಾಚಿಯವರು,
ಉಪ್ಪಿನಕಾಯಿ ಬಾಟಲಿ, ಅಡುಗೆಮನೆ ಕಿಟಕಿ,
ಹಲಸೂರು.

ಮಾನ್ಯರೇ,

ತಾವು ನಮ್ಮ ಮನೆಗೆ ದಯಮಾಡಿಸಿ ಇಂದಿಗೆ ಒಂಬತ್ತು ದಿನ. ಬಿಸಿಲು, ನೆಮ್ಮದಿ ತಮಗೆ ಸಾಕಷ್ಟು ಸಿಗುತ್ತಿದೆಯೆಂದು ನಂಬಿದ್ದೇನೆ, ದಿನೇ ದಿನೇ ಏರುತ್ತಿರುವ ತಮ್ಮ ಕಳೆ ನೋಡಿದರೆ ಹಾಗೆಯೇ ಅನ್ನಿಸುತ್ತದೆ. ಇಷ್ಟು ಸುಖವಾಗಿರುವವರ ಮುಂದೆ ದೂರು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ಬೇರೆ ದಾರಿಯಿಲ್ಲ.

ನಾನು ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಡಬ್ಬಗಳಿಗೆ ಸೀಲು ಹಾಕಿ ನಿವೃತ್ತನಾದವನು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ವ್ಯಾಪಾರಿ ಅಹ್ಮದ್ ಪಾಷಾ ನನ್ನ ಹದಿನೇಳು ವರ್ಷದ ವಾಕಿಂಗ್ ಜೊತೆಗಾರರು. ಬೆಳಿಗ್ಗೆ ಕೆರೆಗೆ ಎರಡು ಸುತ್ತು, ಆಮೇಲೆ ಬೈಟು ಕಾಫಿ, ಕಾಫಿಯ ಜೊತೆಗೆ ದೇವರು. ಜೀವ ತಾನಾಗಿಯೇ ಹುಟ್ಟಿತೆಂದು ನಾನು, ಮೇಲಿನವನ ಅಪ್ಪಣೆಯಿಲ್ಲದೆ ಸೊಳ್ಳೆಯೂ ಹುಟ್ಟದೆಂದು ಅವರು. ಕಡೆಗೆ ಪರೀಕ್ಷೆಯೇ ಆಗಿಹೋಗಲಿ ಎಂದು ಕೆರೆಯ ನೀರನ್ನು ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿ, ಬಾಟಲಿಗೆ ತುಂಬಿ, ಮೇಣ ಬಳಿದು, ತಂತಿ ಬಿಗಿದು, ನಾನೇ ಸೀಲು ಹಾಕಿದೆ. ಒಳಗೆ ಜೀವ ಕಂಡರೆ ನಾನು ಗೆದ್ದಂತೆ, ಕಾಣದಿದ್ದರೆ ಅವರು.

ನಲವತ್ತನೆಯ ದಿನ ತಾವು ದರ್ಶನ ಕೊಟ್ಟಿರಿ. ಈ ವಯಸ್ಸಿನಲ್ಲಿ ನಾನು ಅಡುಗೆಮನೆಯಲ್ಲಿ ಕುಣಿದೆ. ಪಾಷಾ ಕನ್ನಡಕ ಏರಿಸಿಕೊಂಡು ನೋಡಿ, "ಹೋಗ್ಲಿ ಬಿಡ್ರಿ ಸಾರ್, ನಿಮ್ ಸೀಲೇ ಲೀಕ್ ಆಗಿರ್ಬೇಕು" ಅಂದುಬಿಟ್ಟರು. ದೇವರಿದ್ದಾನೆ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಸೀಲಿಗೆ ಹಾಗನ್ನುವುದೇ? ಅಂದಿನಿಂದ ಕೆರೆಯನ್ನು ನಾನು ಎಡದಿಂದ ಸುತ್ತುತ್ತೇನೆ, ಅವರು ಬಲದಿಂದ, ಹೀಗಾಗಿ ಪ್ರತಿ ಸುತ್ತಿಗೂ ಎರಡೆರಡು ಸಲ ಎದುರುಬದುರಾಗಿ ಮುಖ ತಿರುಗಿಸಬೇಕಾಗಿದೆ. ಬೈಟು ಹೇಳಲು ಇನ್ನೊಬ್ಬರಿಲ್ಲದೆ ಇಡೀ ಲೋಟ ಕಾಫಿ ಕುಡಿದು ಎದೆಯುರಿ ಹತ್ತಿಸಿಕೊಂಡಿದ್ದೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಪಾಷಾ ಇಲ್ಲದೆ ಬಹಳ ಬೇಜಾರಾಗಿದೆ.

ಆದ್ದರಿಂದ ತಮ್ಮ ಜನ್ಮಸ್ಥಳ, ತಂದೆತಾಯಿಯ ಹೆಸರು, ಹುಟ್ಟಿಸಿದವರ ಅಪ್ಪಣೆಯ ಪ್ರತಿ, ಅಂಥ ಅಪ್ಪಣೆ ಇರದಿದ್ದರೆ ಇಲ್ಲವೆಂಬ ದೃಢೀಕರಣ, ಇಷ್ಟನ್ನು ಬರವಣಿಗೆಯಲ್ಲಿ ಕೊಡಬೇಕಾಗಿ ಪ್ರಾರ್ಥನೆ. ಕುದಿಸಿದ ನೀರಿನಿಂದ ಎದ್ದು ಬಂದ ತಮಗೆ ಇದೇನು ದೊಡ್ಡ ಕೆಲಸವಲ್ಲ. ಸಾಧ್ಯವಾದರೆ ತಮ್ಮ ವಂಶದ ಹಿರಿಯರಾದ, ಭೂಮಿಯ ಮೊಟ್ಟಮೊದಲ ಜೀವಿಯವರನ್ನೂ ಸಾಕ್ಷಿಗೆ ಕರೆತನ್ನಿ. ನಾನೂ ಪಾಷಾರೂ ಅವರ ಮೊಮ್ಮಕ್ಕಳೇ ಆದ್ದರಿಂದ ನಮ್ಮನ್ನು ನಿಲ್ಲಿಸಿ ಬೈಯುವ ಹಕ್ಕು ಅವರಿಗಿದೆ.

ಸೀಲು ಹಾಕಿದ ಹನ್ನೆರಡನೆಯ ದಿನದ ಸಂಗತಿಯನ್ನು ಮಾತ್ರ ತಮ್ಮ ಹೇಳಿಕೆಯಲ್ಲಿ ಸೇರಿಸದಿದ್ದರೆ ಉಪಕಾರವಾಗುತ್ತದೆ. ನಮ್ಮ ವಿಭಾಗದಲ್ಲಿ ನಡುವೆ ಒಮ್ಮೆ ತೆರೆದು ನೋಡುವುದು ಕಡ್ಡಾಯವಾಗಿತ್ತು. ಅದೇ ಅಭ್ಯಾಸಬಲದಿಂದ ನಾನು ಬಾಟಲಿಯನ್ನು ಬಿಚ್ಚಿ, ಕಿಟಕಿಯ ಗಾಳಿಯಲ್ಲಿ ಹಿಡಿದು, ಮೂಸಿ ನೋಡಿ, ಮತ್ತೆ ಸೀಲು ಹಾಕಿ, ನೋಟ್‌ಬುಕ್ಕಿನಲ್ಲಿ 'ಸರಿಯಿದೆ' ಎಂದು ಬರೆದು ಸಹಿಯನ್ನೂ ಮಾಡಿದ್ದೆ.

ಉತ್ತರಕ್ಕಾಗಿ ಕಿಟಕಿ ಬಿಟ್ಟು ಕದಲದಿರುವ,
ತಮ್ಮ ವಿಶ್ವಾಸಿ,
ಮುನಿರಾಜಪ್ಪ

ಮರೆತಿದ್ದ ಮಾತು: ಇದರ ಒಂದು ಪ್ರತಿಯನ್ನು ಪಾಷಾರವರ ಅಂಗಡಿಯ ಶಟರಿಗೆ ಅಂಟಿಸಿದ್ದೇನೆ. ಪಾಷಾ ಸಾಹೇಬರೇ, ಹನ್ನೆರಡನೆಯ ದಿನದ್ದನ್ನು ಓದಿದಿರಲ್ಲ, ತಪ್ಪು ನನ್ನದು, ಸೀಲಿನದಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಿ. ನಾಳೆ ಬೆಳಿಗ್ಗೆ ಆರಕ್ಕೆ ಕೆರೆಯ ಗೇಟಿನಲ್ಲಿ ಕಾಯುತ್ತಿರುತ್ತೇನೆ. ದೇವರು ಇದ್ದಾನೋ ಇಲ್ಲವೋ ನಿಧಾನಕ್ಕೆ ನೋಡಿಕೊಳ್ಳೋಣ, ನೀವು ಮಾತ್ರ ಇರಬೇಕು.